ನಲವತ್ತೆರಡರಲ್ಲೂ ಹುಟ್ಟು ಕೆಳಗಿಡದ ಬಿರ್ಗಿಟ್

"ನಲವತ್ತು ದಾಟಿತಲ್ಲ, ಇನ್ನೇನು ಬಿಡು" ಎಂಬ ಮಾತನ್ನು ನಾವೆಲ್ಲ ಎಷ್ಟು ಸಲ ಕೇಳಿಲ್ಲ! ಮದುವೆಮನೆಗೆ ಸ್ವಲ್ಪ ಗಾಢ ಬಣ್ಣದ ಸೀರೆ ಉಟ್ಟು ಹೋದರೆ ಈ ಮಾತು. ಬೆಳಗ್ಗೆ ನಾಲ್ಕು ಹೆಜ್ಜೆ ಬಿರುಸಾಗಿ ನಡೆದರೂ ಈ ಮಾತು. ನಾನು ಸೈಕಲ್ ಕಲಿಯುತ್ತೇನೆ ಅಂದಾಗ ನಮ್ಮ ಮನೆಯಲ್ಲೆದ್ದ ನಗು ನಿಲ್ಲೋಕೆ ಒಂದು ವಾರವೇ ಬೇಕಾಯಿತು. ಅವರು ನಕ್ಕರೆ ನಗಲಿ ಬಿಡಿ. ನಾನೂ ಅವರ ಜೊತೆ ಸೇರಿ ನಕ್ಕು ಸುಮ್ಮನಾಗಿಬಿಟ್ಟೆನಲ್ಲ, ಅದೇ ಆಮೇಲೆ ಮನಸ್ಸನ್ನು ಕೊರೆಯಿತು.

2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ನಡೆಯುತ್ತಿತ್ತು. ಮಗ ಟಿ.ವಿ. ಮುಂದೆ ಕೂತಿದ್ದ. ನಾನು ಪಕ್ಕದಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ. ಸೌತೆಕಾಯಿ ಸೀಳಿದ ಹಾಗೆ ತೆಳ್ಳಗಿರುವ ದೋಣಿಗಳಲ್ಲಿ ಹೆಣ್ಣುಮಕ್ಕಳು ಕೂತು ನೀರನ್ನು ಬಾಚಿ ಬಾಚಿ ಎಸೆಯುತ್ತ ಓಡುತ್ತಿದ್ದರು. ಆ ಕೂಟದಲ್ಲಿ ನ್ಯೂಜಿಲೆಂಡಿನ ಲೀಸಾ ಕ್ಯಾರಿಂಗ್ಟನ್ ಮೂರು ಚಿನ್ನ ಗೆದ್ದು, ತನ್ನ ಒಟ್ಟು ಒಲಿಂಪಿಕ್ ಚಿನ್ನಗಳನ್ನು ಎಂಟಕ್ಕೆ ಏರಿಸಿಕೊಂಡಳು. "ಅಮ್ಮಾ, ಇಷ್ಟೇ ಚಿನ್ನ ಹಿಂದೆ ಇನ್ನೊಬ್ಬಾಕೆ ಗೆದ್ದಿದ್ದಾಳೆ. ಕೊನೇದು ಗೆದ್ದಾಗ ಆಕೆಗೆ ನಲವತ್ತೆರಡು ವರ್ಷ, ಎರಡು ಮಕ್ಕಳ ತಾಯಿ" ಎಂದ ಮಗ. ಸೊಪ್ಪು ಅಲ್ಲೇ ಉಳಿಯಿತು. ಯಾರಪ್ಪ ಈ ಮಹಾತಾಯಿ ಎಂದು ಅವನನ್ನೇ ಹಿಡಿದು ಕೂರಿಸಿಕೊಂಡೆ. ಹಾಗೆ ತಿಳಿದುಕೊಂಡಿದ್ದನ್ನು ಸೋದರಿಯರಾದ ನಿಮ್ಮ ಮುಂದಿಡುತ್ತಿದ್ದೇನೆ.

ಏನಿದು ಈ ಆಟ?

ಈ ಓಟದಲ್ಲಿ ಎರಡು ಬಗೆಯ ದೋಣಿಗಳಿವೆ. ಒಂದು ಕಯಾಕ್. ಇದರಲ್ಲಿ ಕಾಲು ಮುಂದೆ ಚಾಚಿ ಕೂರಬೇಕು. ಹುಟ್ಟಿನ ಎರಡೂ ತುದಿಗೆ ಅಲಗು ಇರುತ್ತದೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೀರು ಎಳೆಯಬೇಕು. ಇನ್ನೊಂದು ಕೆನೂ. ಇದರಲ್ಲಿ ಒಂದು ಮೊಣಕಾಲೂರಿ, ಒಂದೇ ಅಲಗಿನ ಹುಟ್ಟನ್ನು ಒಂದೇ ಪಕ್ಕದಲ್ಲಿ ಹಾಕಬೇಕು. ರೋಯಿಂಗ್ ಎಂಬ ಇನ್ನೊಂದು ದೋಣಿ ಸ್ಪರ್ಧೆಯಲ್ಲಿ ಹುಟ್ಟು ಹಾಕುವವರು ಗುರಿಗೆ ಬೆನ್ನು ಮಾಡಿ ಕೂರುತ್ತಾರೆ. ಇಲ್ಲಿ ಹಾಗಲ್ಲ, ಮುಖ ಗುರಿಯ ಕಡೆಗೇ.

ಒಬ್ಬರೇ ಕೂರುವ ಕಯಾಕ್ ಸುಮಾರು 5 ಮೀಟರ್ ಉದ್ದ. ತೂಕ 12 ಕಿಲೋಗಿಂತ ಕಡಿಮೆ ಇರಬಾರದೆಂದು ನಿಯಮ. ನಮ್ಮ ಅಡುಗೆಮನೆಯ ಸಿಲಿಂಡರಿನೊಳಗಿನ ಗ್ಯಾಸೇ 14 ಕಿಲೋ ದಾಟುತ್ತದೆ, ಲೆಕ್ಕ ಹಾಕಿ! ಅಷ್ಟು ಹಗುರ ದೋಣಿ ನೀರಿನ ಮೇಲೆ ನಿಂತಲ್ಲಿ ನಿಲ್ಲುವುದಿಲ್ಲ. ಕೂತವರು ಒಂದಿಷ್ಟು ವಾಲಿದರೂ ಮಗುಚಿಕೊಳ್ಳುತ್ತದೆ. ತೋಳಿನ ಬಲವೊಂದೇ ಸಾಲದು. ಸೊಂಟ, ಬೆನ್ನು, ಕಾಲು ಎಲ್ಲವೂ ದುಡಿಯಬೇಕು.

ನಾಲ್ವರ ಕಯಾಕ್ 11 ಮೀಟರ್ ಉದ್ದ. ಅದರ ಕಷ್ಟ ಬೇರೆಯದೇ. ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವುದನ್ನು ನಮ್ಮಜ್ಜಿಯ ಕಾಲದವರು ಕಂಡಿದ್ದಾರೆ. ಲಯ ತಪ್ಪಿದರೆ ಒನಕೆಗೆ ಒನಕೆ ತಾಗುತ್ತದೆ. ಇಲ್ಲಿ ನಾಲ್ವರ ಹುಟ್ಟುಗಳೂ ಒಂದೇ ಕ್ಷಣಕ್ಕೆ ನೀರಿಗಿಳಿದು ಒಂದೇ ಕ್ಷಣಕ್ಕೆ ಮೇಲೇಳಬೇಕು. ಒಬ್ಬಳು ತಡವರಿಸಿದರೂ ಉಳಿದ ಮೂವರ ಶ್ರಮ ನೀರುಪಾಲು.

ಒಲಿಂಪಿಕ್ಸ್‌ನಲ್ಲಿ ಈ ಸ್ಪರ್ಧೆ ಶುರುವಾದದ್ದು 1936ರ ಬರ್ಲಿನ್ ಕೂಟದಲ್ಲಿ, ಅದೂ ಗಂಡಸರಿಗೆ ಮಾತ್ರ. ಹೆಂಗಸರಿಗೆ 1948ರಲ್ಲಿ ಲಂಡನ್ನಿನಲ್ಲಿ ಅವಕಾಶ ಸಿಕ್ಕಿತು, ಅದೂ ಒಂದೇ ಒಂದು ಸ್ಪರ್ಧೆ. ಡೆನ್ಮಾರ್ಕಿನ ಕಾರೆನ್ ಹಾಫ್ ಅದನ್ನು ಗೆದ್ದಳು. ಮೊಣಕಾಲೂರಿ ಓಡಿಸುವ ಕೆನೂ ಸ್ಪರ್ಧೆ ಹೆಂಗಸರ ಪಾಲಿಗೆ ಬಂದದ್ದು 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ. ನೋಡಿ, ಎಂಬತ್ತೈದು ವರ್ಷ ಕಾಯಬೇಕಾಯಿತು!

ಹದಿನೆಂಟರ ಹುಡುಗಿ

ನಮ್ಮ ಕಥಾನಾಯಕಿ ಬಿರ್ಗಿಟ್ ಫಿಷರ್ ಹುಟ್ಟಿದ್ದು 1962ರಲ್ಲಿ, ಆಗಿನ ಪೂರ್ವ ಜರ್ಮನಿಯ ಬ್ರಾಂಡೆನ್‌ಬುರ್ಗ್ ಎಂಬ ಊರಿನಲ್ಲಿ. ಹಾವೆಲ್ ನದಿಯ ದಡದ ಊರದು. ನಮ್ಮ ಮಕ್ಕಳು ತಿದ್ದಿ ಅಕ್ಷರ ಕಲಿಯುವ ವಯಸ್ಸಿಗೆ ಆಕೆ ದೋಣಿ ಹತ್ತಿದ್ದಳು. 1980ರಲ್ಲಿ ಮಾಸ್ಕೋ ಒಲಿಂಪಿಕ್ಸ್‌ಗೆ ಹೋದಾಗ ವಯಸ್ಸು ಹದಿನೆಂಟು. ಒಬ್ಬರೇ ಓಡಿಸುವ 500 ಮೀಟರ್ ಕಯಾಕ್‌ನಲ್ಲಿ ಚಿನ್ನ ಗೆದ್ದಳು.

ಇನ್ನೇನು, ಮುಂದಿನ ಕೂಟದಲ್ಲೂ ಆಕೆಯೇ ಗೆಲ್ಲುತ್ತಾಳೆ ಅನ್ನುವಷ್ಟರಲ್ಲಿ ರಾಜಕೀಯ ಅಡ್ಡ ಬಂತು. 1984ರ ಲಾಸ್ ಏಂಜಲೀಸ್ ಕೂಟವನ್ನು ಪೂರ್ವ ಜರ್ಮನಿ ಬಹಿಷ್ಕರಿಸಿತು. ಇಪ್ಪತ್ತೆರಡರ ಹರೆಯ, ಮೈಯಲ್ಲಿ ಕಸುವು ಉಕ್ಕುವ ಕಾಲ, ಮನೆಯಲ್ಲಿ ಕೂರಬೇಕಾಯಿತು. ದೊಡ್ಡವರ ಜಗಳದಲ್ಲಿ ಕೈತಪ್ಪುವುದು ಯಾವಾಗಲೂ ಮಕ್ಕಳ ತುತ್ತೇ ಅಲ್ಲವೇ?

ತೊಟ್ಟಿಲು ಮತ್ತು ದೋಣಿ

ಮದುವೆಯಾಯಿತು, 1986ರಲ್ಲಿ ಮೊದಲ ಮಗುವಾಯಿತು. ಎರಡು ವರ್ಷದ ಮೇಲೆ, 1988ರಲ್ಲಿ ಸೋಲ್ ಕೂಟಕ್ಕೆ ಹೋದ ಬಿರ್ಗಿಟ್ ಎರಡು ಚಿನ್ನ, ಒಂದು ಬೆಳ್ಳಿ ಗೆದ್ದುಕೊಂಡು ಬಂದಳು. ಸಾಕು ಎಂದು ಸ್ಪರ್ಧೆ ಬಿಟ್ಟಳು. ಇನ್ನೊಂದು ಮಗುವಾಯಿತು. ಅಷ್ಟರಲ್ಲಿ ಆಕೆ ಹುಟ್ಟಿ ಬೆಳೆದ ದೇಶವೇ ಇಲ್ಲವಾಯಿತು! 1990ರಲ್ಲಿ ಎರಡು ಜರ್ಮನಿಗಳು ಒಂದಾದವು.

1992ರಲ್ಲಿ ಬಾರ್ಸಿಲೋನಾದಲ್ಲಿ ಒಂದಾದ ಜರ್ಮನಿಯ ಪರವಾಗಿ ಮತ್ತೆ ನೀರಿಗಿಳಿದಳು. ಹನ್ನೆರಡು ವರ್ಷದ ಹಿಂದೆ ಹುಡುಗಿಯಾಗಿ ಗೆದ್ದಿದ್ದ ಅದೇ 500 ಮೀಟರ್ ಸ್ಪರ್ಧೆಯನ್ನು ಎರಡು ಮಕ್ಕಳ ತಾಯಿಯಾಗಿ ಗೆದ್ದಳು. ನನಗೆ ಎಂಟು ಚಿನ್ನಗಳಲ್ಲಿ ಇದೇ ಹೆಚ್ಚು ಇಷ್ಟ. ಬಾಣಂತನ ಕಳೆದ ಮೈ ಹೇಗಿರುತ್ತದೆ, ಬೆನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂದು ಬಲ್ಲ ನಮಗೆ ಇದರ ಬೆಲೆ ಬೇರೆಯವರು ಹೇಳಬೇಕೆ?

1996ರಲ್ಲಿ ಅಟ್ಲಾಂಟಾದಲ್ಲಿ ಮತ್ತೊಂದು ಚಿನ್ನ. 2000ದಲ್ಲಿ ಸಿಡ್ನಿ ಉದ್ಘಾಟನೆಯ ದಿನ ಜರ್ಮನಿಯ ಧ್ವಜ ಹಿಡಿದು ಮುಂದೆ ನಡೆದವಳು ಈಕೆಯೇ. ಅಲ್ಲಿ ಎರಡು ಚಿನ್ನ. ವಯಸ್ಸು ಮೂವತ್ತೆಂಟು. ಇನ್ನು ಸಾಕೆಂದು ಮತ್ತೆ ಸ್ಪರ್ಧೆ ಬಿಟ್ಟಳು.

ಅಥೆನ್ಸಿನ ಆ ದಿನ

ಕೆಲವು ವರ್ಷ ದೂರವಿದ್ದು, 2004ರ ಅಥೆನ್ಸ್ ಕೂಟಕ್ಕೆ ಆಕೆ ಮರಳಿದಾಗ ವಯಸ್ಸು ನಲವತ್ತೆರಡು. ನಾಲ್ವರ ದೋಣಿಯಲ್ಲಿ ಜೊತೆಗೆ ಕೂತಿದ್ದ ಕರೋಲಿನ್ ಲಿಯೋನ್‌ಹಾರ್ಟ್‌ಗೆ ಹತ್ತೊಂಬತ್ತು. ಬಿರ್ಗಿಟ್ ಮಾಸ್ಕೋದಲ್ಲಿ ಚಿನ್ನ ಗೆದ್ದಾಗ ಈ ಹುಡುಗಿ ಇನ್ನೂ ಹುಟ್ಟಿಯೇ ಇರಲಿಲ್ಲ! ಅಥೆನ್ಸ್ ಬಳಿಯ ಸ್ಕಿನಿಯಾಸ್‌ನಲ್ಲಿ ಹಂಗೇರಿಯ ಬಲವಾದ ತಂಡಕ್ಕೂ ಇವರಿಗೂ ಜಿದ್ದಾಜಿದ್ದಿ. ಒಂದೂವರೆ ನಿಮಿಷಕ್ಕೆ ಸ್ವಲ್ಪ ಮೇಲ್ಪಟ್ಟು ನಡೆದ ಓಟದ ಕೊನೆಗೆ ಇದ್ದ ಅಂತರ ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟು. ಒಗ್ಗರಣೆಯಲ್ಲಿ ಒಂದು ಸಾಸಿವೆ ಚಟ್ ಅನ್ನುವಷ್ಟು ಹೊತ್ತು! ಜರ್ಮನಿಗೆ ಚಿನ್ನ ಬಂತು. ಅದೇ ಕೂಟದಲ್ಲಿ ಇಬ್ಬರ ದೋಣಿಯಲ್ಲಿ ಬೆಳ್ಳಿಯೂ ಬಂತು.

ಒಟ್ಟು ಆರು ಒಲಿಂಪಿಕ್ಸ್, ಎಂಟು ಚಿನ್ನ, ನಾಲ್ಕು ಬೆಳ್ಳಿ. ಮೊದಲ ಚಿನ್ನಕ್ಕೂ ಕೊನೆಯದಕ್ಕೂ ನಡುವೆ ಇಪ್ಪತ್ತನಾಲ್ಕು ವರ್ಷ. 2008ರಲ್ಲಿ ಆಕೆಯ ಅಣ್ಣನ ಮಗಳು ಫ್ಯಾನಿ ಫಿಷರ್ ಬೀಜಿಂಗ್‌ನಲ್ಲಿ ಅದೇ ನಾಲ್ವರ ದೋಣಿಯಲ್ಲಿ ಚಿನ್ನ ಗೆದ್ದಳು. ಸೋದರತ್ತೆಯ ಬಳುವಳಿ ಅಂದರೆ ಹೀಗಿರಬೇಕು!

ನಮ್ಮ ದೇಶದ ಹೆಣ್ಣುಮಗಳೊಬ್ಬಳ ವಿಷಯವನ್ನೂ ಹೇಳದೆ ಮುಗಿಸಲಾರೆ. ಗ್ವಾಲಿಯರ್‌ನ ಪ್ರಾಚಿ ಯಾದವ್‌ಗೆ ಕಾಲುಗಳಲ್ಲಿ ಬಲವಿಲ್ಲ. ಭೋಪಾಲದ ಕೆರೆಯಲ್ಲಿ ಅಭ್ಯಾಸ ಮಾಡಿದ ಆಕೆ ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಅಂತಿಮ ಸುತ್ತು ಮುಟ್ಟಿದಳು. 2023ರಲ್ಲಿ ಹಾಂಗ್‌ಝೌ ಪ್ಯಾರಾ ಏಷ್ಯನ್ ಕೂಟದಲ್ಲಿ ಒಂದು ಚಿನ್ನ, ಒಂದು ಬೆಳ್ಳಿ ತಂದಳು.

ನಾವೇನು ಮಾಡೋಣ?

ಬಿರ್ಗಿಟ್‌ಗೆ ಬಾಲ್ಯದಿಂದಲೂ ತರಬೇತಿ ಇತ್ತು, ಬೆನ್ನಿಗೆ ಸರ್ಕಾರವಿತ್ತು. ನಮಗೆ ಇರುವುದು ಮಂಡಿನೋವು ಮತ್ತು ಬೆಳಗಿನ ತಿಂಡಿಯ ಚಿಂತೆ. ನಾವು ಪದಕ ಗೆಲ್ಲುವುದೇನೂ ಬೇಡ. ಆದರೆ ಆಕೆಯಿಂದ ಒಂದನ್ನು ಕಲಿಯಬಹುದು. ಎರಡು ಸಲ ಬಿಟ್ಟಳು, ಎರಡು ಸಲವೂ ಮತ್ತೆ ಹಿಡಿದಳು. ಸಂಸಾರಕ್ಕಾಗಿ ಬಿಟ್ಟದ್ದು ಹಾಡೋ, ಹೊಲಿಗೆಯೋ, ಓದೋ, ಏನೇ ಇರಲಿ, ಬಿಟ್ಟ ಮಾತ್ರಕ್ಕೆ ಅದು ಕಳೆದುಹೋಯಿತೆಂದು ಅರ್ಥವಲ್ಲ. ಮೈಗೆ ಶ್ರಮ ಕೊಡುವಂಥದ್ದಾದರೆ ಮೊದಲು ಡಾಕ್ಟರನ್ನು ಕೇಳಿ, ನಿಧಾನವಾಗಿ ಶುರು ಮಾಡಿ.

ಅಂದ ಹಾಗೆ, ನಾನು ಸೈಕಲ್ ಕಲಿತೆ. ಎರಡು ಸಲ ಬಿದ್ದೆ, ಒಂದು ಸೀರೆ ಹರಿಯಿತು. ಈಗ ಸಂತೆಗೆ ನಾನೇ ಹೋಗಿ ಬರುತ್ತೇನೆ. ಚೀಲ ಭಾರವಿದ್ದ ದಿನ ನಮ್ಮವರು ಗೇಟಿನ ಹತ್ತಿರ ಬಂದು ಇಳಿಸಿಕೊಳ್ಳುತ್ತಾರೆ. ನಗುವುದನ್ನು ಯಾವಾಗಲೋ ಬಿಟ್ಟಿದ್ದಾರೆ.