ಘಟ್ಟದ ತರಕಾರಿ, ಅಂಗಳದ ಚಟ್ಟಿ ಮತ್ತು ವುಝೂವಿನ ನೀರು

ನಮ್ಮ ಕರಾವಳಿಯ ಮಾರ್ಕೆಟಿನಲ್ಲಿ ತರಕಾರಿಗೆ ಎರಡೇ ಹೆಸರು. ಒಂದು ‘ಊರಿನದ್ದು’, ಇನ್ನೊಂದು ‘ಘಟ್ಟದ್ದು’. ಊರಿನ ಬೆಂಡೆ, ಊರಿನ ಅಲಸಂಡೆ, ಊರಿನ ಹರಿವೆ ಅಂದರೆ ಸಾಕು, ನಮ್ಮ ಉಮ್ಮಂದಿರು ಹತ್ತು ರೂಪಾಯಿ ಹೆಚ್ಚು ಕೊಟ್ಟಾದರೂ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಆದರೆ ದಿನದ ಸಾರಿಗೆ ಬೇಕಾದ ಟೊಮೆಟೊ, ಬಿರಿಯಾನಿಗೆ ಬೇಕಾದ ಪುದೀನ, ಕೊತ್ತಂಬರಿ, ಬೀನ್ಸ್, ಕ್ಯಾರೆಟ್ ಇದೆಲ್ಲ ಹೆಚ್ಚಾಗಿ ಘಟ್ಟದ್ದೇ. ರಾತ್ರಿ ಲಾರಿಯಲ್ಲಿ ಇಳಿದು ಬಂದರೆ ಮಾತ್ರ ಬೆಳಿಗ್ಗೆ ನಮ್ಮ ಅಡುಗೆ. ಹಾಸನ, ಚಿಕ್ಕಮಗಳೂರು, ಕೋಲಾರ, ಚಿಕ್ಕಬಳ್ಳಾಪುರ ಹೀಗೆ ಘಟ್ಟದ ಮೇಲಿನ ಹಲವು ಊರುಗಳು ನಮ್ಮ ಬಟ್ಟಲು ತುಂಬಿಸುತ್ತಿವೆ.

ಈ ತರಕಾರಿ ಬೆಳೆಯಲು ಆ ಊರುಗಳಿಗೆ ನೀರು ಎಲ್ಲಿಂದ ಬರುತ್ತದೆ ಎಂದು ನಾವು ಕೇಳುವುದು ಕಡಿಮೆ. ಕೇಳಬೇಕಾದ ಪ್ರಶ್ನೆ ಅದು. ಮನೆಯೆದುರಿನ ನಾಲ್ಕು ಚಟ್ಟಿಗಳ ಬಗ್ಗೆ ಬರೆಯುವ ಮೊದಲು ನಾವು ಘಟ್ಟದ ಮೇಲಿನ ಒಂದು ಬೆಟ್ಟದ ಬುಡಕ್ಕೆ ಹೋಗುತ್ತಿರುವುದು ಇದೇ ಕಾರಣಕ್ಕೆ.

ಸ್ಕಂದಗಿರಿಯ ಬುಡದಲ್ಲಿ

ಬೆಂಗಳೂರಿನಲ್ಲಿ ಓದುವ, ದುಡಿಯುವ ನಮ್ಮ ಹುಡುಗರಿಗೆ ಸ್ಕಂದಗಿರಿಯ ಪರಿಚಯ ಹೇಳಬೇಕಾಗಿಲ್ಲ. ಚಿಕ್ಕಬಳ್ಳಾಪುರ ಪಟ್ಟಣಕ್ಕೆ ಅಂಟಿಕೊಂಡಂತಿರುವ, ಕಳವಾರ ದುರ್ಗ ಎಂಬ ಹೆಸರೂ ಇರುವ, ಸುಮಾರು 1,450 ಮೀಟರ್ ಎತ್ತರದ ಬೆಟ್ಟ. ಮೇಲೆ ಪಾಳುಬಿದ್ದ ಕೋಟೆ, ಬುಡದಲ್ಲಿ ಪಾಪಾಗ್ನಿ ಮಠ. ಸೂರ್ಯೋದಯದ ಹೊತ್ತಿಗೆ ಕಾಲ ಕೆಳಗೆ ಹತ್ತಿಯಂತೆ ಹರಡಿಕೊಳ್ಳುವ ಮೋಡದ ಫೋಟೋ ಎಲ್ಲರ ಮೊಬೈಲಿನಲ್ಲೂ ಉಂಟು. ಆ ಮೋಡ ನೋಡಿದವರಿಗೆ ಇಲ್ಲಿ ನೀರಿಗೆ ಬರ ಎಂದರೆ ನಂಬಲು ಕಷ್ಟ.

ಆದರೆ ಸಂಗತಿ ಬೇರೆ. ನಂದಿ ಮತ್ತು ಸುತ್ತಲಿನ ಬೆಟ್ಟಸಾಲು ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಅರ್ಕಾವತಿ, ಪಾಲಾರ್ ನದಿಗಳ ಹುಟ್ಟಿನ ಸೀಮೆ ಎಂದು ಪಾಠದಲ್ಲಿ ಓದುತ್ತೇವೆ. ಆದರೂ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 4,000 ಮಿಲಿಮೀಟರ್‌ನ ಹತ್ತಿರ ಮಳೆ ಬಿದ್ದರೆ ಅಲ್ಲಿ ಬೀಳುವುದು 700-750ರ ಆಸುಪಾಸು. ಹಾಗಾಗಿ ಬೇಸಾಯವೆಲ್ಲ ಬೋರ್‌ವೆಲ್ ಮೇಲೆ ನಿಂತಿದೆ. ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗದೆ ಸಾಲದಲ್ಲಿ ಮುಳುಗಿದ ರೈತರ ಕತೆ ಅಲ್ಲಿ ಹೊಸದಲ್ಲ. ಸಿಕ್ಕ ನೀರಿನಲ್ಲೂ ಹಲವು ಕಡೆ ಫ್ಲೋರೈಡ್. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲೂಕುಗಳನ್ನು ಕೇಂದ್ರ ಅಂತರ್ಜಲ ಮಂಡಳಿ ‘ಅತಿಬಳಕೆ’ಯ ಪಟ್ಟಿಗೆ ಸೇರಿಸಿದೆ. ಅಂದರೆ ಮಳೆ ಭೂಮಿಗೆ ಇಳಿಸುವುದಕ್ಕಿಂತ ಹೆಚ್ಚು ನೀರನ್ನು ಪಂಪು ಮೇಲಕ್ಕೆತ್ತುತ್ತಿದೆ.

ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ್ದ ಕೆರೆಗಳಲ್ಲಿ ನೀರು ಕಂಡದ್ದು ನಿಜ. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಬೇಕು ಎಂಬ ಒತ್ತಾಯವೂ ಅಷ್ಟೇ ನಿಜ. ಇನ್ನೊಬ್ಬರು ಸ್ನಾನ ಮಾಡಿ, ಬಟ್ಟೆ ತೊಳೆದು ಬಿಟ್ಟ ನೀರಿಗೆ ಕಾಯುವ ಜಿಲ್ಲೆಯಿಂದ ನಾವು ಟೊಮೆಟೊ ತರಿಸಿಕೊಳ್ಳುತ್ತಿದ್ದೇವೆ.

ಅಂಥ ಊರಿನಲ್ಲೂ ಮನೆಯೆದುರು ಹಸಿರು ಉಂಟು. ಬೀದಿಗೆ ತಾಗಿ ಮನೆ, ಬಾಗಿಲಿಗೆ ಎರಡು ಮೆಟ್ಟಿಲು, ಮೆಟ್ಟಿಲ ಪಕ್ಕ ಎಣ್ಣೆ ಡಬ್ಬ, ಒಡೆದ ಬಕೆಟ್, ಹಳೇ ಕೊಡಗಳಲ್ಲಿ ಕರಿಬೇವು, ಪುದೀನ, ದೊಡ್ಡಪತ್ರೆ, ಗುಲಾಬಿ, ಮದರಂಗಿ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಈ ಡಬ್ಬಗಳಿಗೆ. ನೀರಿಲ್ಲದ ಊರಿನವರು ನೀರನ್ನು ಎರಡು ಸಲ ಬಳಸಲು ಕಲಿತಿದ್ದಾರೆ. ನೀರಿರುವ ನಾವು ಕಲಿಯಲಿಲ್ಲ.

ಲೆಕ್ಕ ಒಂದೇ ಕಡೆಯದಲ್ಲ

ಎತ್ತಿನಹೊಳೆ ವಿಷಯ ಬಂದಾಗ ಕರಾವಳಿ ಹೇಗೆ ಎದ್ದು ನಿಂತಿತು ಎಂದು ಎಲ್ಲರಿಗೂ ಗೊತ್ತು. ಸಕಲೇಶಪುರ ಕಡೆಯ ಹೊಳೆಗಳಿಂದ 24 ಟಿಎಂಸಿ ನೀರನ್ನು ಬಯಲುಸೀಮೆಗೆ ಒಯ್ಯುವ ಈ ಯೋಜನೆಗೆ ಶಂಕುಸ್ಥಾಪನೆ ನಡೆದದ್ದು ಇದೇ ಚಿಕ್ಕಬಳ್ಳಾಪುರ ತಾಲೂಕಿನ ಮುದ್ದೇನಹಳ್ಳಿಯಲ್ಲಿ, 2014ರ ಮಾರ್ಚ್‌ನಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. ನೇತ್ರಾವತಿ ಬಡವಾದರೆ ನಮ್ಮ ತುಂಬೆ ಅಣೆಕಟ್ಟು ಏನಾದೀತು, ಪಶ್ಚಿಮ ಘಟ್ಟದ ಕಾಡು ಏನಾದೀತು ಎಂಬ ಆತಂಕ ಸುಳ್ಳಲ್ಲ. ಇಷ್ಟು ಮಳೆ ಬಿದ್ದೂ 2019ರ ಬೇಸಿಗೆಯಲ್ಲಿ ಮಂಗಳೂರಿನ ನಳ್ಳಿಗಳಿಗೆ ಸರದಿಯ ಮೇಲೆ ನೀರು ಬಿಟ್ಟದ್ದನ್ನು ನಾವು ಮರೆತಿಲ್ಲ.

ಆದರೆ ಇದಕ್ಕೆ ಇನ್ನೊಂದು ಮಗ್ಗುಲು ಉಂಟು. ಒಂದು ಕಿಲೋ ಟೊಮೆಟೊ ಬೆಳೆಯಲು ಜಾಗತಿಕ ಸರಾಸರಿಯಲ್ಲಿ ಸುಮಾರು 200 ಲೀಟರ್ ನೀರು ಬೇಕು ಎಂದು ತಜ್ಞರು ಲೆಕ್ಕ ಹಾಕಿದ್ದಾರೆ. ಹಾಗಾದರೆ ಲಾರಿಯಲ್ಲಿ ಇಳಿದು ಬರುವುದು ಬರೀ ತರಕಾರಿ ಅಲ್ಲ ಮಾರಾಯ್ರೆ, ಬಯಲುಸೀಮೆಯ ಬೋರ್‌ವೆಲ್ ನೀರು ಕೂಡ. ನಮ್ಮ ನೀರು ಘಟ್ಟ ಹತ್ತುವುದನ್ನು ಬೇಡ ಎನ್ನುವ ನಾವು, ಅವರ ನೀರು ಘಟ್ಟ ಇಳಿಯುವುದನ್ನು ದಿನವೂ ಚೀಲದಲ್ಲಿ ಹಿಡಿದು ತರುತ್ತೇವೆ. ಇದು ಯೋಜನೆಯ ಪರ ವಾದವಲ್ಲ, ವಿರೋಧದ ವಾದವೂ ಅಲ್ಲ. ನೀರಿನ ನ್ಯಾಯ ಮಾತನಾಡುವವರು ತಮ್ಮ ಮನೆಯ ಲೆಕ್ಕವನ್ನೂ ತೆಗೆಯಬೇಕು ಎಂಬುದಷ್ಟೇ ನಮ್ಮ ಮಾತು.

ಘಟ್ಟದ ರೈತನ ಹೊಟ್ಟೆಗೆ ಹೊಡೆಯಬೇಕು ಅಂತ ಇದರ ಅರ್ಥ ಅಲ್ಲ. ಟೊಮೆಟೊ, ಕ್ಯಾರೆಟ್ ಅವರೇ ಬೆಳೆಯಲಿ, ನಾವು ಒಳ್ಳೆಯ ಬೆಲೆ ಕೊಟ್ಟು ಕೊಳ್ಳೋಣ. ಆದರೆ ಒಂದು ಕಟ್ಟು ಪುದೀನ, ನಾಲ್ಕು ಹಸಿಮೆಣಸು, ಒಂದು ಹಿಡಿ ಹರಿವೆ ಸೊಪ್ಪು, ಎರಡು ಎಸಳು ಕರಿಬೇವು ಇವಕ್ಕೂ ಮುನ್ನೂರು ಕಿಲೋಮೀಟರ್ ದೂರದ ಬೋರ್‌ವೆಲ್ ಬೇಕಾ?

ಹರಿದು ಹೋಗುವ ಶುದ್ಧ ನೀರು

ಚಟ್ಟಿ ಇಡಲು ಜಾಗ ಉಂಟು, ನೀರು ಎಲ್ಲಿಂದ ಎನ್ನುವವರಿಗೆ ನಮ್ಮ ಉತ್ತರ: ವುಝೂವಿನಿಂದ.

ಐದು ಜನರ ಮನೆ ಎಂದಿಟ್ಟುಕೊಳ್ಳಿ. ದಿನಕ್ಕೆ ಐದು ಹೊತ್ತು, ಒಟ್ಟು 25 ಅಂಗಸ್ನಾನ. ಒಂದಕ್ಕೆ ಬರೀ 3 ಲೀಟರ್ ಹಿಡಿದರೂ ದಿನಕ್ಕೆ 75 ಲೀಟರ್. ನಳ್ಳಿ ಪೂರ್ತಿ ತಿರುಗಿಸಿಟ್ಟು ಮಾತನಾಡುತ್ತಾ ವುಝೂ ಮಾಡುವವರ ಮನೆಯಲ್ಲಿ ಇದು ಇಮ್ಮಡಿ, ಮುಮ್ಮಡಿ. ನಂಬಿಕೆ ಬಾರದಿದ್ದರೆ ಒಂದು ಹೊತ್ತು ನಳ್ಳಿಯ ಕೆಳಗೆ ಬಕೆಟ್ ಇಟ್ಟು ಅಳೆದು ನೋಡಿ. ಕಡು ಬೇಸಿಗೆಯಲ್ಲಿ ಹನ್ನೆರಡು ಇಂಚಿನ ಒಂದು ಚಟ್ಟಿಗೆ ದಿನಕ್ಕೆ 2 ಲೀಟರ್ ಹಾಕಿದರೂ 75 ಲೀಟರಿನಲ್ಲಿ 37 ಚಟ್ಟಿ ಬದುಕುತ್ತವೆ. ಅಷ್ಟು ಚಟ್ಟಿ ಇಡಲು ನಮ್ಮಲ್ಲಿ ಹೆಚ್ಚಿನವರಿಗೆ ಅಂಗಳವೇ ಇಲ್ಲ!

ಇದು ಧಾರ್ಮಿಕವಾಗಿ ಸರಿಯೇ ಎಂಬ ಅನುಮಾನ ಬೇಡ. ನಾವು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಕಡ್ಡಾಯದ ಅಂಗಸ್ನಾನಕ್ಕೆ ಒಮ್ಮೆ ಬಳಸಿದ ಅಲ್ಪ ನೀರಿಗೆ ‘ಮುಸ್ತಅ್‌ಮಲ್’ ಎನ್ನುತ್ತಾರೆ. ಅದರಿಂದ ಮತ್ತೊಮ್ಮೆ ವುಝೂ ಆಗದು, ಆದರೆ ನೀರು ಶುದ್ಧವೇ. ಚಿಕ್ಕಬಳ್ಳಾಪುರ ಕಡೆಯ ಉರ್ದು ಮಾತನಾಡುವ ಮುಸ್ಲಿಮರು ಹೆಚ್ಚಾಗಿ ಪಾಲಿಸುವ ಹನಫಿ ಮದ್‌ಹಬ್‌ನ ಚಾಲ್ತಿಯ ಅಭಿಪ್ರಾಯವೂ ಇದೇ. ಗಿಡಕ್ಕೆ ಹಾಕಲು ಯಾವ ಅಡ್ಡಿಯೂ ಇಲ್ಲ. ಗಿಡದ ದೃಷ್ಟಿಯಿಂದಲೂ ಇದು ಒಳ್ಳೆಯ ನೀರು, ಸೋಪಿಲ್ಲ, ಎಣ್ಣೆಯಿಲ್ಲ. ಶೌಚಾಲಯದ ನೀರಿನ ಜೊತೆ ಮಾತ್ರ ಸೇರಬಾರದು.

ಪ್ರವಾದಿವರ್ಯರು (ಸ.ಅ.) ಒಂದು ಮುದ್ದ್ ನೀರಿನಲ್ಲಿ, ಅಂದರೆ ಒಂದು ಲೀಟರಿಗಿಂತಲೂ ಕಡಿಮೆ ನೀರಿನಲ್ಲಿ ವುಝೂ ಮುಗಿಸುತ್ತಿದ್ದರು ಎಂದು ಹದೀಸ್‌ಗಳು ತಿಳಿಸುತ್ತವೆ. ಹರಿಯುವ ಹೊಳೆಯ ಪಕ್ಕದಲ್ಲಿದ್ದರೂ ನೀರು ಪೋಲು ಮಾಡಬಾರದೆಂಬ ಪಾಠವನ್ನು ಮದ್ರಸದಲ್ಲಿ ಎಲ್ಲರೂ ಕಲಿತಿದ್ದೇವೆ. ಹಾಗಾಗಿ ಮೊದಲ ಕೆಲಸ ನಳ್ಳಿಯನ್ನು ಸಣ್ಣದಾಗಿ ತಿರುಗಿಸುವುದು. ಆಮೇಲೆ ಬಿದ್ದ ನೀರನ್ನು ಹಿಡಿಯುವುದು.

ಚಟ್ಟಿ ಇಡುವ ಕ್ರಮ

ಅಂಗಳ ಎಂದರೆ ಮನೆಯೆದುರಿನ ನಾಲ್ಕಡಿ ಜಾಗ, ಗೇಟಿನ ಒಳಗಿನ ಇಂಟರ್‌ಲಾಕ್ ಹಾಸು, ಫ್ಲ್ಯಾಟಿನ ಬಾಲ್ಕನಿ ಯಾವುದೂ ಆದೀತು. ದಿನಕ್ಕೆ ಐದಾರು ಗಂಟೆ ಬಿಸಿಲು ಬಿದ್ದರೆ ಸಾಕು.

ಸೊಪ್ಪು, ಪುದೀನ, ಕೊತ್ತಂಬರಿಗೆ ಆರರಿಂದ ಎಂಟು ಇಂಚು ಆಳದ ಪಾತ್ರೆ ಸಾಕು. ಮೆಣಸು, ಬದನೆ, ಬೆಂಡೆ, ಟೊಮೆಟೊಗೆ ಹನ್ನೆರಡು ಇಂಚು ಬೇಕು. ಎಣ್ಣೆ ಡಬ್ಬ, ಅಕ್ಕಿ ಚೀಲ, ಗ್ರೋ ಬ್ಯಾಗ್ ಯಾವುದಾದರೂ ಸರಿ. ಪೇಂಟ್ ಅಥವಾ ರಾಸಾಯನಿಕ ತುಂಬಿದ್ದ ಡಬ್ಬದಲ್ಲಿ ತಿನ್ನುವ ಗಿಡ ಬೇಡ. ತಳದಲ್ಲಿ ತೂತು ಕೊರೆದು, ಅದರ ಮೇಲೆ ಒಡೆದ ಮಂಗಳೂರು ಹೆಂಚಿನ ಚೂರು ಹಾಕಿ. ಮಣ್ಣು, ಹಟ್ಟಿಗೊಬ್ಬರ ಅಥವಾ ಕಾಂಪೋಸ್ಟ್, ತೆಂಗಿನ ನಾರಿನ ಹುಡಿ ಮೂರನ್ನೂ ಸಮ ಪಾಲು ಬೆರೆಸಿ. ನಾರಿನ ಹುಡಿಯಲ್ಲಿ ಉಪ್ಪಿನಂಶ ಇರುವುದರಿಂದ ಒಂದೆರಡು ಸಲ ನೀರಿನಲ್ಲಿ ತೊಳೆದೇ ಬಳಸಬೇಕು. ಈ ಹುಡಿಯನ್ನು ಗೊಬ್ಬರ ಮಾಡುವ, ತೆಂಗಿನ ಗರಿಯಿಂದ ಎರೆಗೊಬ್ಬರ ಮಾಡುವ ವಿಧಾನಗಳ ಮೇಲೆ ನಮ್ಮ ಪಕ್ಕದ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೇ ಸಾಕಷ್ಟು ಕೆಲಸ ಮಾಡಿದೆ. ನಮ್ಮ ಕೆಂಪು ಮುರಕಲ್ಲು ಮಣ್ಣು ಹುಳಿ ಸ್ವಭಾವದ್ದು. ಒಂದು ಹಿಡಿ ಸುಣ್ಣದ ಹುಡಿ ಅಥವಾ ಒಲೆಯ ಬೂದಿ ಸೇರಿಸಿದರೆ ಗಿಡ ಚೇತರಿಸುತ್ತದೆ.

ಬಯಲುಸೀಮೆಗೂ ನಮಗೂ ಇಲ್ಲಿ ಒಂದು ವ್ಯತ್ಯಾಸ. ಚಿಕ್ಕಬಳ್ಳಾಪುರದ ಕಡೆ ನೀರು ಹಾಕಲು ಸಾಧ್ಯವಾದರೆ ಮಳೆಗಾಲದಲ್ಲೂ ಚಟ್ಟಿಯಲ್ಲಿ ಬೆಳೆಯಬಹುದು. ನಮ್ಮಲ್ಲಿ ಜೂನ್-ಜುಲೈ ಮಳೆ ಚಟ್ಟಿಯ ಸಾರವನ್ನೆಲ್ಲ ತೊಳೆದು ಒಯ್ಯುತ್ತದೆ, ಬೇರು ಕೊಳೆಯುತ್ತದೆ. ಹಾಗಾಗಿ ಮೆಣಸು, ಹರಿವೆ, ಅಲಸಂಡೆಗೆ ಮಳೆ ಇಳಿದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಶುರು ಮಾಡಿ. ಮಳೆಗಾಲದಲ್ಲಿ ಮಾಡಿನ ಅಡಿ ಸರಿಸಿಟ್ಟ ಚಟ್ಟಿಯಲ್ಲಿ ಬಸಳೆ, ಶುಂಠಿ, ಅರಿಶಿನ ಸಾಕು. ಮೀನು ತೊಳೆದ ನೀರು ಬಸಳೆಗೆ, ಕರಿಬೇವಿಗೆ ಎಷ್ಟು ಒಳ್ಳೆಯದು ಅಂತ ನಮ್ಮ ಹಿರಿಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ಬಸಳೆಗೆ ಸಿಗಡಿ ಹಾಕಿದ ಗಸಿಯ ರುಚಿಯನ್ನೂ!

ಎರಡು ಎಚ್ಚರಿಕೆ ಅಗತ್ಯ. 2019ರ ಮಳೆಗಾಲದಲ್ಲಿ ಡೆಂಗಿ ಜ್ವರ ಮಂಗಳೂರನ್ನು ಕಾಡಿದ್ದು ನೆನಪಿರಲಿ. ಡೆಂಗಿ ಸೊಳ್ಳೆಗೆ ಚಟ್ಟಿಯ ಕೆಳಗಿನ ತಟ್ಟೆಯಲ್ಲಿ ನಿಂತ ನೀರೇ ಸಾಕು. ತಟ್ಟೆ ಇಡಲೇಬೇಡಿ, ಇಟ್ಟರೆ ಮರಳು ತುಂಬಿಸಿ. ವುಝೂವಿನ ನೀರನ್ನೂ ಬಕೆಟಿನಲ್ಲಿ ದಿನಗಟ್ಟಲೆ ಇಡದೆ ಅದೇ ದಿನ ಗಿಡಕ್ಕೆ ಹಾಕಿ. ಎರಡನೆಯದು, ಚಟ್ಟಿ ರಸ್ತೆಗೆ, ಫುಟ್‌ಪಾತಿಗೆ ಬರಬಾರದು. ದಾರಿಯಲ್ಲಿರುವ ಅಡ್ಡಿಯನ್ನು ಸರಿಸುವುದೂ ಸದಕಾ ಎಂದು ಕಲಿತವರು ನಾವು. ನಮ್ಮ ಗಿಡವೇ ಪಕ್ಕದ ಮನೆಯವರ ಸ್ಕೂಟರಿಗೆ, ಮುದುಕರ ನಡಿಗೆಗೆ ಅಡ್ಡಿಯಾದರೆ ಪುಣ್ಯ ಎಲ್ಲಿ ಬಂತು?

ಒಬ್ಬರದ್ದಲ್ಲ, ಓಣಿಯದ್ದು

ಒಂದೇ ಮನೆಯವರು ಎಲ್ಲ ತರಕಾರಿ ಬೆಳೆಯಲು ಹೊರಟರೆ ಎರಡು ತಿಂಗಳಲ್ಲಿ ಸಾಕಾಗುತ್ತದೆ. ಓಣಿಯ ಹತ್ತು ಮನೆಗಳು ಹಂಚಿಕೊಂಡರೆ ಸುಲಭ. ಒಬ್ಬರ ಮನೆಯೆದುರು ಮೆಣಸು, ಒಬ್ಬರಲ್ಲಿ ಪುದೀನ, ಇನ್ನೊಬ್ಬರಲ್ಲಿ ಹರಿವೆ, ಮತ್ತೊಬ್ಬರಲ್ಲಿ ತೊಂಡೆ ಬಳ್ಳಿ. ಹೆಚ್ಚಾದದ್ದನ್ನು ಕೊಡುವುದು, ಇಲ್ಲದ್ದನ್ನು ಕೇಳುವುದು. ಊರಿಗೆ ಹೋದ ಮನೆಯ ಚಟ್ಟಿಗೆ ಪಕ್ಕದವರು ನೀರು ಹಾಕುವುದು. ಪಕ್ಕದ ಮನೆಯವರು ಹಿಂದೂವಾಗಲಿ, ಕ್ರೈಸ್ತರಾಗಲಿ ಹರಿವೆ ಸೊಪ್ಪಿಗೆ ಜಾತಿ ಇಲ್ಲ. ಗೇಟು ಮುಚ್ಚಿಕೊಂಡು ಬದುಕುವ ಈ ಕಾಲದಲ್ಲಿ ಒಂದು ಹಿಡಿ ಸೊಪ್ಪು ಹಿಡಿದು ಪಕ್ಕದ ಮನೆಯ ಕರೆಗಂಟೆ ಒತ್ತುವುದು ಸಣ್ಣ ಕೆಲಸ ಅಲ್ಲ.

ಇದಕ್ಕೆ ಮಾದರಿಯೂ ಉಂಟು. ಲಾಲ್‌ಬಾಗ್‌ನಂಥ ತೋಟಕ್ಕೆ ಹೈದರಾಲಿ ಬುನಾದಿ ಹಾಕಿದ, ದೂರ ದೇಶಗಳಿಂದ ಟಿಪ್ಪು ಗಿಡ-ಬೀಜ ತರಿಸಿದ ಬೆಂಗಳೂರಿನಲ್ಲಿ, ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ಸಾವಿರಾರು ಜನರಿಗೆ ತಾರಸಿ ತೋಟದ ಪಾಠ ಹೇಳಿದರು. 2011ರಿಂದ ‘ಊಟ ಫ್ರಮ್ ಯುವರ್ ತೋಟ’ ಎಂಬ ಹೆಸರಿನ ಸಂತೆಗಳು ಅಲ್ಲಿ ನಡೆದವು. ಬೀಜ, ಗಿಡ, ಅನುಭವ ಎಲ್ಲ ಅಲ್ಲಿ ಕೈಬದಲು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ’ ತಳಿಯ ಬೀಜಗಳು ಮನೆ ತೋಟಕ್ಕೂ ಬರುತ್ತವೆ. ಮಂಗಳೂರಿನವರಿಗೆ ಕಂಕನಾಡಿಯಲ್ಲೇ ಕೃಷಿ ವಿಜ್ಞಾನ ಕೇಂದ್ರ ಉಂಟು.

ನಮ್ಮ ಜಮಾಅತ್‌ಗಳು ಮನಸ್ಸು ಮಾಡಿದರೆ ಇದು ಇನ್ನೂ ದೊಡ್ಡದಾಗಬಹುದು. ಜುಮಾ ದಿನ ನೂರು ಜನ ಮಸೀದಿಯಲ್ಲಿ ವುಝೂ ಮಾಡಿದರೆ ಕಡಿಮೆಯೆಂದರೂ 300 ಲೀಟರ್ ಶುದ್ಧ ನೀರು ಚರಂಡಿ ಸೇರುತ್ತದೆ. ಹೊಸ ಮಸೀದಿ ಕಟ್ಟುವಾಗ, ಹಳೆಯದನ್ನು ನವೀಕರಿಸುವಾಗ ವುಝೂವಿನ ನೀರಿಗೆ ಬೇರೆಯೇ ಪೈಪ್ ಹಾಕಿ ಮಸೀದಿಯ ಅಂಗಳದ ಗಿಡಗಳಿಗೆ ಬಿಡುವ ಖರ್ಚು ಒಟ್ಟು ಖರ್ಚಿನಲ್ಲಿ ಲೆಕ್ಕಕ್ಕೇ ಬಾರದು. ಅಮೃತಶಿಲೆಗೆ ಚಂದಾ ಎತ್ತುವ ನಮಗೆ ಒಂದು ಪೈಪಿಗೆ ದಾನಿ ಸಿಗಲಾರನೇ? ಮದ್ರಸದ ಪ್ರತಿ ಮಗುವಿನ ಹೆಸರಿನಲ್ಲಿ ಒಂದು ಚಟ್ಟಿ, ಅದಕ್ಕೆ ನೀರು ಹಾಕುವ ಹೊಣೆ ಆ ಮಗುವಿನದ್ದೇ. ನೆಟ್ಟ ಗಿಡದ ಫಲವನ್ನು ಮನುಷ್ಯ ತಿಂದರೂ, ಹಕ್ಕಿ ತಿಂದರೂ ನೆಟ್ಟವನಿಗೆ ಅದು ಸದಕಾ ಎಂಬ ಪ್ರವಾದಿ ವಚನವನ್ನು ಉಸ್ತಾದರು ಹೇಳಿಕೊಡುವಾಗ ಮಕ್ಕಳ ಕಣ್ಣೆದುರು ಒಂದು ಗಿಡ ಇರಲಿ.

ಇಷ್ಟರಿಂದ ಸ್ಕಂದಗಿರಿಯ ಬುಡದ ಬೋರ್‌ವೆಲ್ ತುಂಬಿಬಿಡುತ್ತದೆ ಎಂದು ನಾವು ಹೇಳುವುದಿಲ್ಲ. ಆದರೆ ಮುಂದಿನ ಸಲ ನೇತ್ರಾವತಿಯ ಬಗ್ಗೆ ಮಾತನಾಡಲು ವೇದಿಕೆ ಹತ್ತುವಾಗ, ನಮ್ಮ ಮನೆಯ ನಳ್ಳಿಯ ಕೆಳಗೆ ಒಂದು ಬಕೆಟ್, ಮನೆಯೆದುರು ನಾಲ್ಕು ಚಟ್ಟಿ ಇರಬೇಕು. ಈ ವಾರ ಒಂದರಿಂದ ಶುರು ಮಾಡಿ. ಪುದೀನ ಸುಲಭ: ಮಾರ್ಕೆಟಿನಿಂದ ತಂದ ಕಟ್ಟಿನಲ್ಲಿ ಎಲೆ ಬಿಡಿಸಿ ಉಳಿದ ದಂಟನ್ನು ಎಸೆಯದೆ ಮಣ್ಣಿಗೆ ಚುಚ್ಚಿದರೆ ಸಾಕು, ಚಿಗುರುತ್ತದೆ.