ಮಿಲ್ಲರ್ಸ್ ರಸ್ತೆಯ ಅರ್ಧ ಸೆಕೆಂಡು

1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ ನೆಲೆಯೂರಿ, ಉಪಗ್ರಹ ಸಂಪರ್ಕದ ಮೂಲಕ ವಿದೇಶದ ಕಚೇರಿಗಳೊಡನೆ ಕೆಲಸ ನಡೆಸತೊಡಗಿದ್ದು ನಗರದ ಸಾಫ್ಟ್‌ವೇರ್ ಚರಿತ್ರೆಯ ಮೊದಲ ಅಧ್ಯಾಯ. ಅದರ ಆಂಟೆನಾ ಸಾಮಗ್ರಿ ಎತ್ತಿನ ಗಾಡಿಯ ಮೇಲೆ ಬಂದುದೂ ಸುಪರಿಚಿತ. ಅಂತಹ ಉಪಗ್ರಹ ಸಂಪರ್ಕಕ್ಕೆ ಯಾವ ಎಂಜಿನಿಯರೂ ದಾಟಲಾಗದ ಮಿತಿಯೊಂದಿದೆ. ಭೂಸ್ಥಿರ ಉಪಗ್ರಹವು ಸುಮಾರು 36,000 ಕಿ.ಮೀ. ಎತ್ತರದಲ್ಲಿರುವುದರಿಂದ, ಬೆಳಕಿನ ವೇಗದಲ್ಲಿ ಸಾಗುವ ಸಂಕೇತಕ್ಕೂ ಮೇಲೇರಿ ಕೆಳಗಿಳಿಯಲು ಕಾಲು ಸೆಕೆಂಡು ಬೇಕು; ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡು ಕಳೆದಿರುತ್ತದೆ. ಹೀಗಾಗಿ ದೂರದ ಕಂಪ್ಯೂಟರು ಹೇಳಿ ಕಳಿಸಿದ ಸಮಯ ಕೈಸೇರುವ ಹೊತ್ತಿಗೆ ಹಳತಾಗಿರುತ್ತದೆ.

ಅದೇ 1985ರಲ್ಲಿ ಅಮೆರಿಕದ ಡೇವಿಡ್ ಮಿಲ್ಸ್ ಪ್ರಕಟಿಸಿದ ಎನ್‌ಟಿಪಿ, ಅಂದರೆ ಜಾಲದ ಮೂಲಕ ಗಡಿಯಾರ ಹೊಂದಿಸುವ ನಿಯಮಾವಳಿ, ಪ್ರಶ್ನೆ ಹೊರಟ, ತಲುಪಿದ, ಉತ್ತರ ಹೊರಟ, ಬಂದು ಸೇರಿದ ಈ ನಾಲ್ಕು ಕ್ಷಣಗಳನ್ನೂ ದಾಖಲಿಸಿಕೊಂಡು ಲೆಕ್ಕ ಹಾಕುತ್ತದೆ. ಹಲಸೂರಿನ ಕಂಪ್ಯೂಟರೊಂದು ತನ್ನ ಗಡಿಯಾರದಂತೆ ಸರಿಯಾಗಿ ಹತ್ತು ಗಂಟೆಗೆ ಕಳಿಸಿದ ಪ್ರಶ್ನೆ, ದೂರದ ಗಡಿಯಾರದಂತೆ ಹತ್ತು ಗಂಟೆ 2.3 ಸೆಕೆಂಡಿಗೆ ತಲುಪಿ, ಒಡನೆಯೇ ಹೊರಟ ಉತ್ತರ ಹಲಸೂರಿನ ಲೆಕ್ಕದಲ್ಲಿ ಹತ್ತು ಗಂಟೆ 0.6 ಸೆಕೆಂಡಿಗೆ ಬಂದಿತೆನ್ನೋಣ. ಹೋಗಿಬರಲು 0.6 ಸೆಕೆಂಡು ಹಿಡಿದಿರುವುದರಿಂದ ಒಮ್ಮುಖ ಪಯಣಕ್ಕೆ 0.3 ಎಂದಿಟ್ಟುಕೊಂಡರೆ, ಹಲಸೂರಿನ ಗಡಿಯಾರ ಎರಡು ಸೆಕೆಂಡು ಹಿಂದಿದೆ ಎಂದು ತಿಳಿಯುತ್ತದೆ. 1870ರ ದಶಕದಲ್ಲಿ ಸರ್ವೆ ಇಲಾಖೆಯವರು ಮದರಾಸು ಮತ್ತು ಬೆಂಗಳೂರುಗಳ ರೇಖಾಂಶದ ಅಂತರವನ್ನು ಟೆಲಿಗ್ರಾಫಿನ ಮೂಲಕ ಗಡಿಯಾರಗಳನ್ನು ಹೋಲಿಸಿ ಅಳೆದಾಗಲೂ ಸಂಕೇತಗಳನ್ನು ಎರಡೂ ದಿಕ್ಕಿಗೆ ಕಳಿಸಿ, ಸರಾಸರಿಯ ಮೂಲಕ ತಂತಿಯ ವಿಳಂಬವನ್ನು ನಿವಾರಿಸಿದ್ದರೆಂಬುದು ಇಲ್ಲಿ ನೆನೆಯತಕ್ಕದ್ದು.

ಆದ್ದರಿಂದ ವಿಳಂಬ ದೀರ್ಘವಾದ ಮಾತ್ರಕ್ಕೆ ಗಡಿಯಾರ ತಪ್ಪುವುದಿಲ್ಲ. ಹೋಗುವ ಮತ್ತು ಬರುವ ವಿಳಂಬಗಳು ಸಮವಾಗಿಲ್ಲದಿದ್ದರೆ ತಪ್ಪುತ್ತದೆ. ನಿಧಾನಗತಿಯ ಸಂಪರ್ಕದಲ್ಲಿ ದೊಡ್ಡ ಕಡತವೊಂದು ಹೊರಹೋಗುತ್ತಿದ್ದರೆ ಸಮಯದ ಪ್ರಶ್ನೆ ಅದರ ಹಿಂದೆ ಕಾದು ತಲುಪಲು 0.5 ಸೆಕೆಂಡು ಹಿಡಿದು, ಉತ್ತರ 0.1 ಸೆಕೆಂಡಿನಲ್ಲಿ ಬಂದರೆ, ಅಂತರದ ಅರ್ಧ, ಅಂದರೆ 0.2 ಸೆಕೆಂಡಿನಷ್ಟು ತಪ್ಪು ಲೆಕ್ಕದೊಳಗೆ ನುಸುಳುತ್ತದೆ, ಮತ್ತು ನಾಲ್ಕು ಕ್ಷಣಗಳನ್ನು ಎಷ್ಟು ನೋಡಿದರೂ ಅದು ಕಾಣಿಸದು. ಇದಕ್ಕಾಗಿ ಎನ್‌ಟಿಪಿಯು ಇತ್ತೀಚಿನ ಎಂಟು ಅಳತೆಗಳಲ್ಲಿ ಅತಿ ಕಡಿಮೆ ವಿಳಂಬದ್ದನ್ನೇ ಆರಿಸುತ್ತದೆ, ಏಕೆಂದರೆ ದಾರಿ ಖಾಲಿಯಿದ್ದಾಗ ಎರಡೂ ಪಯಣಗಳು ಸಮವಾಗಿರುವ ಸಂಭವ ಹೆಚ್ಚು.

ಇದಕ್ಕಿಂತ ಮುಖ್ಯವಾದುದು ಗಡಿಯಾರದ ಗುಣವನ್ನು ಅರಿಯುವುದು. ಕಂಪ್ಯೂಟರಿನೊಳಗಿನ ಸ್ಫಟಿಕ ಶಿಲೆಯ ಹರಳು ದಿನಕ್ಕೆ ಒಂದೆರಡು ಸೆಕೆಂಡು ಮುಂದೋಡುವುದೋ ಹಿಂದುಳಿಯುವುದೋ ಸಾಮಾನ್ಯ. ಆದರೆ ಉಷ್ಣತೆ ಹೆಚ್ಚು ಏರುಪೇರಾಗದಿದ್ದರೆ ಆ ದೋಷ ಬಹುಮಟ್ಟಿಗೆ ಸ್ಥಿರ. ಅದನ್ನು ಅಳೆದು ಬರೆದಿಟ್ಟುಕೊಂಡ ತಂತ್ರಾಂಶವು ಸಂಪರ್ಕ ಕಡಿದಾಗಲೂ ಗಡಿಯಾರವನ್ನು ತಾನೇ ತಿದ್ದುತ್ತಿರಬಲ್ಲದು. ಆಗಾಗ ಕಡಿಯುವ ಸಂಪರ್ಕಗಳನ್ನು ಗಮನದಲ್ಲಿಟ್ಟು ರಚಿತವಾದ ಕ್ರೋನಿ ಎಂಬ ತಂತ್ರಾಂಶದ ಹೆಚ್ಚುಗಾರಿಕೆ ಇದೇ.

2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ನಿರ್ದೇಶನವು ದೇಶದ ಸಂಸ್ಥೆಗಳು ತಮ್ಮ ಗಡಿಯಾರಗಳನ್ನು ರಾಷ್ಟ್ರೀಯ ಸಮಯಕ್ಕೆ ಹೊಂದಿಸಬೇಕೆಂದು ವಿಧಿಸಿರುವುದರಿಂದ ಈ ಎಚ್ಚರ ಸಣ್ಣ ಕಚೇರಿಗಳಿಗೂ ಬೇಕಾಗಿದೆ. ಜಾಲದ ದಾರಿ ತೀರ ಕೆಟ್ಟಿರುವಲ್ಲಿ ಚಾವಣಿಯ ಮೇಲೆ ಜಿಪಿಎಸ್ ಅಥವಾ ಭಾರತದ ನಾವಿಕ್ ಉಪಗ್ರಹಗಳ ಗ್ರಾಹಕವನ್ನು ಕೂರಿಸುವುದೇ ಲೇಸು. ತನ್ನ ಸ್ಥಾನವೂ ಉಪಗ್ರಹದ ಸ್ಥಾನವೂ ಅದಕ್ಕೆ ತಿಳಿದಿರುವುದರಿಂದ ಪಯಣದ ವಿಳಂಬವನ್ನು ಊಹಿಸದೆ ನಡುವಿನ ದೂರವನ್ನು ಆಧರಿಸಿಯೇ ಲೆಕ್ಕ ಹಾಕುತ್ತದೆ.