ಗೋಡೆಗೆ ಯಾವ ಬಿಳಿ?

ಪೇಂಟ್ ಅಂಗಡಿಯಲ್ಲಿ ಶೇಡ್ ಕಾರ್ಡ್ ಬಿಡಿಸಿದರೆ ಬಿಳಿಯೇ ಹತ್ತಾರು. ಟ್ಯೂಬ್‌ಲೈಟಿನ ಬೆಳಕಲ್ಲಿ ಎಲ್ಲವೂ ಒಂದೇ ಥರ. ಗೋಡೆಗೆ ಬಳಿದ ಮೇಲೆ ನೋಡಿ, ಒಂದು ಹಳದಿ ಹೊಡೆಯುತ್ತದೆ, ಇನ್ನೊಂದು ಬೂದಿ ಮೆತ್ತಿದಂತೆ ಮಂಕಾಗುತ್ತದೆ.

ಬಿಳಿ ಬೇಸ್‌ಗೆ ಟಿಂಟಿಂಗ್ ಯಂತ್ರ ಬೀಳಿಸುವ ಕೆಲವೇ ಹನಿ ಬಣ್ಣದಿಂದ ಆಫ್ ವೈಟ್ ಹುಟ್ಟುತ್ತದೆ. ಹಳದಿ, ಕೆಂಪು, ಕಂದು ಬಿದ್ದರೆ ಐವರಿ, ಕ್ರೀಮ್‌ನಂಥ ಬೆಚ್ಚನೆಯ ಬಿಳಿ. ನೀಲಿ, ಹಸಿರು, ಕಪ್ಪು ಬಿದ್ದರೆ ತಂಪು ಬಿಳಿ. ಹಿಂದೆ ಸುಣ್ಣ ಹೊಡೆಯುವಾಗ ಚೂರು ನೀಲಿ ಬೆರೆಸುತ್ತಿದ್ದರು. ಸುಣ್ಣದ ಹಳದಿ ಛಾಯೆಯನ್ನು ಅದು ಅಡಗಿಸುತ್ತಿತ್ತು, ಗೋಡೆ ಇನ್ನಷ್ಟು ಬೆಳ್ಳಗೆ ಕಾಣುತ್ತಿತ್ತು. ಶೇಡ್ ಕಾರ್ಡಿನ ಪಕ್ಕ ಅಚ್ಚ ಬಿಳಿ ಕಾಗದ ಇಟ್ಟರೆ ಒಳಗೆ ಅಡಗಿದ ಛಾಯೆ ಯಾವುದೆಂದು ಗೊತ್ತಾಗುತ್ತದೆ.

ಆಮೇಲೆ ಕಿಟಕಿಯ ದಿಕ್ಕು ನೋಡಬೇಕು. ಉತ್ತರಕ್ಕೆ ಮಾತ್ರ ಕಿಟಕಿಯಿರುವ ಕೋಣೆಗೆ ವರ್ಷದ ಬಹುಪಾಲು ನೇರ ಬಿಸಿಲಿಲ್ಲ. ಆಕಾಶದಿಂದ ಬರುವ ಬೆಳಕಿನಲ್ಲೇ ನೀಲಿ ಇರುವುದರಿಂದ ತಂಪು ಬಿಳಿ ಅಲ್ಲಿ ಕಳೆಗುಂದುತ್ತದೆ, ಕ್ರೀಮ್ ಆ ಕೊರತೆ ತುಂಬುತ್ತದೆ. ಪಡುವಣ ಕೋಣೆಯಲ್ಲಿ ಸಂಜೆಯ ಬಿಸಿಲೇ ಹೊಂಬಣ್ಣದ್ದು. ಅಲ್ಲಿ ಕ್ರೀಮ್ ಬಳಿದರೆ ಹಳದಿ ಅತಿಯಾಗುತ್ತದೆ, ತಂಪು ಬಿಳಿ ಹಿತವಾಗಿರುತ್ತದೆ.

ನೆಲವೂ ಲೆಕ್ಕಕ್ಕೆ ಬರುತ್ತದೆ. ರೆಡ್ ಆಕ್ಸೈಡ್ ನೆಲದ ಕೆಂಪು ಗೋಡೆಯ ಬುಡಕ್ಕೆ ಪ್ರತಿಫಲಿಸುತ್ತದೆ. ಅಂಥ ಮನೆಗೆ, ತೇಗದ ಬಾಗಿಲುಗಳ ಜೊತೆಗೆ, ಬೆಚ್ಚನೆಯ ಬಿಳಿ ಚೆನ್ನಾಗಿ ಹೊಂದುತ್ತದೆ. ಬೂದು ಗ್ರಾನೈಟ್, ಸ್ಟೀಲ್ ಇರುವ ಅಡುಗೆಮನೆಗೆ ತಂಪು ಬಿಳಿ ಒಪ್ಪುತ್ತದೆ. ಮಲೆನಾಡಿನ ಮನೆಯಲ್ಲಿ ತೋಟದ ಹಸಿರು ಕಿಟಕಿಯಿಂದ ಒಳಗಿನ ಗೋಡೆಗೂ ಇಳಿಯುತ್ತದೆ. ಹಸಿರು ಛಾಯೆಯ ಬಿಳಿ ಅಲ್ಲಿ ಬೇಡ.

ರಾತ್ರಿ ಬಣ್ಣವನ್ನು ನಿರ್ಧರಿಸುವುದು ಬಲ್ಬು. ಎಲ್‌ಇಡಿ ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿದ್ದರೆ ಹಳದಿ ಬೆಳಕು, 6500 ಎಂದಿದ್ದರೆ ನೀಲಿ ಬೆರೆತ ಬಿಳಿ ಬೆಳಕು. ಹಗಲು ಮೆಚ್ಚಿದ ಕ್ರೀಮ್ ಹಳದಿ ಬಲ್ಬಿನಡಿ ಬೆಣ್ಣೆಬಣ್ಣಕ್ಕೆ ತಿರುಗಬಹುದು. ಆದ್ದರಿಂದ ಬಲ್ಬು ಮೊದಲು, ಬಣ್ಣ ಆಮೇಲೆ.

ಇಷ್ಟಾದರೂ ಕೊನೆಯ ಮಾತು ಗೋಡೆಯದೇ. ಇಷ್ಟವಾದ ಎರಡು ಬಿಳಿಗಳ ಅತಿ ಸಣ್ಣ ಡಬ್ಬಿ ತನ್ನಿ. ಪ್ರೈಮರ್ ಹೊಡೆದ ಗೋಡೆಯಲ್ಲಿ, ಕಿಟಕಿಯ ಎದುರಿಗೊಂದು, ಪಕ್ಕಕ್ಕೊಂದು ಕಡೆ, ಎರಡಡಿ ಚೌಕದಷ್ಟು ಎರಡೆರಡು ಕೋಟ್ ಬಳಿಸಿ. ಒಣಗಿದ ಮೇಲೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ದೀಪ ಹಾಕಿ ನೋಡಿ. ಮೂರು ಹೊತ್ತೂ ಕಣ್ಣಿಗೆ ಹಿತವಾದದ್ದೇ ನಿಮ್ಮ ಮನೆಯ ಬಿಳಿ. ಅಲ್ಲಿಯವರೆಗೆ ಇಪ್ಪತ್ತು ಲೀಟರಿನ ಡ್ರಮ್ಮಿಗೆ ಆರ್ಡರ್ ಕೊಡಬೇಡಿ.